ಮಹಾ ಸರೋವರಗಳ ನಾಡಿನಲ್ಲಿ ಅಪರೂಪದ ಕಡಲಕ್ಕಿಗಳ ಹುಡುಕಾಟ

ಉತ್ತರ ಅಮೆರಿಕದ ಮಹಾ ಸರೋವರಗಳ ಸೀಮೆಯಲ್ಲಿ ಚಳಿಗಾಲದ ನೀರುಹಕ್ಕಿಗಳನ್ನು ಹುಡುಕಿ ಹೊರಡುವವರು ಯಾವ ನೀರು ಹೆಪ್ಪುಗಟ್ಟಿದೆ, ಯಾವುದು ಇನ್ನೂ ತೆರೆದಿದೆ ಎಂಬುದನ್ನು ಮೊದಲು ತಿಳಿದುಕೊಳ್ಳಬೇಕು. ನೀರು ಸುಮಾರು 4 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅತ್ಯಂತ ಸಾಂದ್ರವಾಗಿರುತ್ತದೆ. ಹೀಗಾಗಿ ಶರತ್ಕಾಲದಲ್ಲಿ ತಣ್ಣಗಾದ ಮೇಲ್ಪದರ ಕೆಳಗಿಳಿಯುತ್ತ, ಅಡಿಯ ಬೆಚ್ಚನೆಯ ನೀರು ಮೇಲೇರುತ್ತ ಇರುವುದರಿಂದ, ಆಳವಾದ ಸರೋವರ ಹೆಪ್ಪುಗಟ್ಟಲು ಬಹಳ ಕಾಲ ಹಿಡಿಯುತ್ತದೆ. ಸರಾಸರಿ 19 ಮೀಟರ್ ಆಳದ ಈರೀ ಸರೋವರ ಬೇಗ ಹಿಮಗಟ್ಟುತ್ತದೆ. ಸರಾಸರಿ 86 ಮೀಟರ್ ಆಳದ ಒಂಟಾರಿಯೊದ ಬಹುಭಾಗ ಸಾಮಾನ್ಯವಾಗಿ ತೆರೆದೇ ಇರುತ್ತದೆ. ಹಿಮ ಹರಡಿದಂತೆಲ್ಲ ಹಕ್ಕಿಗಳು ಉಳಿದಷ್ಟು ನೀರಿಗೆ ಬಂದು ಒತ್ತೊತ್ತಾಗಿ ಸೇರುತ್ತವೆ.

2014ರ ಮಾರ್ಚ್‌ನಲ್ಲಿ ಮಹಾ ಸರೋವರಗಳ ಶೇ. 92ರಷ್ಟು ಭಾಗವನ್ನು ಹಿಮ ಮುಚ್ಚಿತ್ತು. ಆ ಚಳಿಗಾಲದಲ್ಲಿ, ಗುಳುಮುಳುಕದ ಬಳಗಕ್ಕೆ ಸೇರಿದ ರೆಡ್-ನೆಕ್ಡ್ ಗ್ರೀಬ್‌ಗಳು ಒಳನಾಡಿನ ನದಿಗಳಲ್ಲಿ ದೊಡ್ಡ ಸಂಖ್ಯೆಯಲ್ಲಿ ಕಾಣಿಸಿಕೊಂಡವು. ಈ ಹಕ್ಕಿಯ ಕಾಲುಗಳು ದೇಹದ ತೀರ ಹಿಂಭಾಗದಲ್ಲಿರುವುದರಿಂದ ಮುಳುಗಿ ಈಜುವುದಕ್ಕೆ ಬಹಳ ಅನುಕೂಲ; ಆದರೆ ಮೇಲೇಳಬೇಕಾದರೆ ನೀರಿನ ಮೇಲೆ ದೂರ ಓಡಲೇಬೇಕು. ಒದ್ದೆ ರಸ್ತೆಯನ್ನು ನೀರೆಂದು ಭ್ರಮಿಸಿ ಇಳಿದರೆ ಮತ್ತೆ ಹಾರಲಾರದು.

ಕಡಲಕ್ಕಿಗಳ, ಅಂದರೆ ಗಲ್‌ಗಳ, ವಿಷಯಕ್ಕೆ ಬಂದರೆ ನಯಾಗರಾ ನದಿಗೆ ಸಾಟಿಯಾದ ಜಾಗ ಕಡಿಮೆ. ಜಲಪಾತದ ಕೆಳಗಿನ ರಭಸದ ನೀರಿನಲ್ಲಿ ಮೀನು ಸುಲಭವಾಗಿ ಸಿಗುವುದರಿಂದ ನವೆಂಬರ್, ಡಿಸೆಂಬರ್‌ನಲ್ಲಿ ಬೋನಪಾರ್ಟ್ಸ್ ಗಲ್‌ಗಳು ಸಾವಿರಗಟ್ಟಲೆ ನೆರೆಯುತ್ತವೆ. ಅವುಗಳ ನಡುವೆ ಒಂದೇ ಒಂದು ಲಿಟಲ್ ಗಲ್ ಇರಬಹುದು. ಮೇಲಿನಿಂದ ನೋಡಿದರೆ ಎರಡೂ ಬೂದು, ಎರಡೂ ಪುಟ್ಟವು. ರೆಕ್ಕೆ ಮೇಲೆತ್ತಿದಾಗ ಮಾತ್ರ ಬಲಿತ ಲಿಟಲ್ ಗಲ್‌ನ ರೆಕ್ಕೆಯ ಒಳಮೈ ಕಪ್ಪಾಗಿ ಮಿಂಚಿ ಮರೆಯಾಗುತ್ತದೆ.

ದೊಡ್ಡ ಗಲ್‌ಗಳದು ಇನ್ನೂ ತೊಡಕಿನ ಕತೆ. ಹೆರಿಂಗ್ ಗಲ್ ಬಲಿತ ಹಕ್ಕಿಯ ಗರಿ ಪಡೆಯಲು ಸುಮಾರು ನಾಲ್ಕು ವರ್ಷ ಬೇಕು, ಅಷ್ಟು ವರ್ಷವೂ ಅದರ ವೇಷ ಬದಲಾಗುತ್ತಲೇ ಇರುತ್ತದೆ. ಆರ್ಕ್‌ಟಿಕ್‌ನಿಂದ ಬರುವ ಗ್ಲಾಕಸ್ ಗಲ್‌ನ ರೆಕ್ಕೆತುದಿಯಲ್ಲಿ ಕಪ್ಪು ಇರುವುದಿಲ್ಲ. ಮೊದಲ ಚಳಿಗಾಲದ ಮರಿಹಕ್ಕಿಯ ಗುಲಾಬಿ ಕೊಕ್ಕಿಗೆ, ಗೆರೆ ಎಳೆದಂತೆ ಬೇರ್ಪಟ್ಟ ಕಪ್ಪು ತುದಿ ಇರುತ್ತದೆ. ಅದೇ ವಯಸ್ಸಿನ ಐಸ್‌ಲ್ಯಾಂಡ್ ಗಲ್‌ನ ಕೊಕ್ಕು ಚಿಕ್ಕದು, ಹೆಚ್ಚುಪಾಲು ಕಪ್ಪು, ತಲೆಯೂ ದುಂಡಗೆ. ಆದರೆ ಬಿಳಿ ಕಂಡೊಡನೆ ಹಿಗ್ಗಬಾರದು: ಚಳಿಗಾಲ ಮುಗಿಯುವ ಹೊತ್ತಿಗೆ ಬಿಸಿಲಿಗೆ ಬಣ್ಣ ಕಳೆದುಕೊಂಡ, ಗರಿ ಸವೆದ ಸಾಮಾನ್ಯ ಹೆರಿಂಗ್ ಗಲ್ ಕೂಡ ಬೆಳ್ಳಗೆ ಕಾಣುತ್ತದೆ. ಹಾಗಾಗಿ, ನನ್ನ ದೃಷ್ಟಿಯಲ್ಲಿ, ಅಪರೂಪದ ಹಕ್ಕಿಯ ಚಿತ್ರಕ್ಕಿಂತ ಸಾಮಾನ್ಯ ಹೆರಿಂಗ್ ಗಲ್‌ನ ಎಲ್ಲ ವಯಸ್ಸಿನ ರೂಪಗಳನ್ನು ಮನದಟ್ಟು ಮಾಡಿಕೊಳ್ಳುವುದೇ ಹೆಚ್ಚು ಉಪಯುಕ್ತ.

ಹಗಲಿಡೀ ಕಸದ ರಾಶಿಗಳಲ್ಲಿ, ಹೊಲಗಳಲ್ಲಿ ಚದುರಿ ಮೇಯುವ ಗಲ್‌ಗಳು ಸಂಜೆ ಸರೋವರದಲ್ಲಿ ಇರುಳು ತಂಗಲು ಒಟ್ಟುಗೂಡುತ್ತವೆ. ಮುಕ್ಕಾಲಿಯ ಮೇಲೆ ದೂರದರ್ಶಕ ನಿಲ್ಲಿಸಿಕೊಂಡು ಗುಂಪನ್ನು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ನಿಧಾನವಾಗಿ ನೋಡುವುದಕ್ಕೆ ಸೂರ್ಯಾಸ್ತಕ್ಕೆ ಮುಂಚಿನ ಗಂಟೆಯೇ ಪ್ರಶಸ್ತ. ಎಷ್ಟೇ ನೋಡಿದರೂ ಯಾವ ಜಾತಿಗೂ ಹೊಂದದ ಒಂದಾದರೂ ಹಕ್ಕಿ ಸಿಕ್ಕೇ ಸಿಗುತ್ತದೆ, ಏಕೆಂದರೆ ಹೆರಿಂಗ್ ಗಲ್ ಗ್ಲಾಕಸ್‌ನೊಂದಿಗೂ ಗ್ರೇಟ್ ಬ್ಲ್ಯಾಕ್-ಬ್ಯಾಕ್ಡ್ ಗಲ್‌ನೊಂದಿಗೂ ಕೂಡಿ ಮಿಶ್ರತಳಿಯ ಮರಿ ಮಾಡುತ್ತದೆ. ಅಂಥದರ ಕೊಕ್ಕು, ರೆಕ್ಕೆತುದಿ, ಬೆನ್ನಿನ ಬಣ್ಣಗಳನ್ನು ಬರೆದಿಟ್ಟುಕೊಂಡು ಹೆಸರಿನ ಜಾಗವನ್ನು ಖಾಲಿ ಬಿಟ್ಟರಾಯಿತು.