ಟ್ರೆಂಚ್ ಕುಸಿತ: ಜೆಸಿಬಿ ಆಪರೇಟರ್‌ಗಳಿಗೂ ಕೆಳಗಿಳಿಯುವವರಿಗೂ ಟಿಪ್ಪಣಿ

ಪೈಪ್‌ಲೈನ್, ಒಳಚರಂಡಿ ಕೆಲಸದ ತರಬೇತಿಯಲ್ಲಿ ಹೆಲ್ಮೆಟ್, ಶೂ, ಜಾಕೆಟ್ ವಿಷಯ ಬೇಗ ಅರ್ಥವಾಗುತ್ತದೆ. ಟ್ರೆಂಚ್ (ಪೈಪ್ ಹಾಕಲು ಅಗೆಯುವ ಉದ್ದನೆಯ ಕಂದಕ) ಕುಸಿತದ ಪಾಠವನ್ನು ಮಾತ್ರ ಹಲವರು ಹಗುರವಾಗಿ ತೆಗೆದುಕೊಳ್ಳುತ್ತಾರೆ. "ಆಳೆತ್ತರ ತಾನೇ, ಹತ್ತು ನಿಮಿಷದ ಕೆಲಸ, ಇಳಿಯಪ್ಪಾ" ಅನ್ನುವ ಮೇಸ್ತ್ರಿ ಎಲ್ಲ ಸೈಟಿನಲ್ಲೂ ಸಿಗುತ್ತಾರೆ.

ಮೊದಲು ತೂಕ ನೋಡಿ. ಒಂದು ಘನ ಮೀಟರ್ ಮಣ್ಣು ಸುಮಾರು ಒಂದೂವರೆ ಟನ್. ಒದ್ದೆಯಾದರೆ ಇನ್ನೂ ಜಾಸ್ತಿ. ಎದೆಮಟ್ಟ ಹೂತವರು, ತಲೆ ಹೊರಗಿದ್ದರೂ ಸಾಯಬಹುದು. ಉಸಿರು ಬಿಟ್ಟಾಗ ಎದೆ ಕುಗ್ಗುತ್ತದೆ, ಆ ಸಂದಿಗೆ ಮಣ್ಣು ಇಳಿದು ಕೂರುತ್ತದೆ. ಮತ್ತೆ ಉಸಿರೆಳೆಯಲು ಎದೆ ಹಿಗ್ಗುವುದೇ ಇಲ್ಲ.

ಇನ್ನು ಅಳತೆಗಳು. ಕೇಂದ್ರ ಲೋಕೋಪಯೋಗಿ ಇಲಾಖೆಯ ಸುರಕ್ಷತಾ ನಿಯಮದ ಪ್ರಕಾರ, ಆಳ 1.5 ಮೀಟರ್ ಮುಟ್ಟಿದರೆ ಪಕ್ಕಗಳನ್ನು ಇಳಿಜಾರಾಗಿ ಕತ್ತರಿಸಬೇಕು, ಇಲ್ಲವೇ ಹಲಗೆ, ಅಡ್ಡ ತೊಲೆ ಕೊಟ್ಟು ಬಿಗಿಯಬೇಕು. ಊರೊಳಗಿನ ರಸ್ತೆಯಲ್ಲಿ ಇಳಿಜಾರಿಗೆ ಜಾಗವೆಲ್ಲಿ? ಹಲಗೆಯೇ ಗತಿ. ಆಳ 1.2 ಮೀಟರ್ ಇದ್ದರೇ ಏಣಿ ಬೇಕು. ಪ್ರತಿ 30 ಮೀಟರ್ ಉದ್ದಕ್ಕೆ ಒಂದು, ಅಂಚಿಗಿಂತ 90 ಸೆಂ.ಮೀ. ಮೇಲಕ್ಕೆ ಚಾಚಿರಬೇಕು. 45 ಮೀಟರ್ ಟ್ರೆಂಚಿಗೆ ಎಷ್ಟು ಏಣಿ? ಎರಡು. ಉಳಿದ ತುಂಡಿಗೂ ಒಂದು ಲೆಕ್ಕ.

ಅಗೆದ ಮಣ್ಣನ್ನು ಎಲ್ಲಿ ಸುರಿಯಬೇಕು ಅನ್ನುವ ನಿಯಮವನ್ನು ಆಪರೇಟರ್‌ಗಳು ಬಾಯಿಪಾಠ ಮಾಡಲೇಬೇಕು ಅಂತ ನನ್ನ ಅನಿಸಿಕೆ. ಅಂಚಿನಿಂದ 1.5 ಮೀಟರ್ ಅಥವಾ ಆಳದ ಅರ್ಧ, ಇವೆರಡರಲ್ಲಿ ಯಾವುದು ಜಾಸ್ತಿಯೋ ಅಷ್ಟು ದೂರ. ಆಳ 2 ಮೀಟರ್ ಇದ್ದರೆ ಅರ್ಧ ಅಂದರೆ 1 ಮೀಟರ್, ಆದರೂ 1.5 ಮೀಟರ್ ಬಿಡಬೇಕು. 4 ಮೀಟರ್ ಆಳಕ್ಕೆ 2 ಮೀಟರ್. ಬಕೆಟ್ ಕಡಿಮೆ ತಿರುಗಿಸಿದರೆ ಕೆಲಸ ಬೇಗ ಮುಗಿಯುತ್ತದೆ ಅಂತ ಅಂಚಿನಲ್ಲೇ ರಾಶಿ ಹಾಕುವುದು ಅಭ್ಯಾಸವಾಗಿಬಿಟ್ಟಿದೆ. ಆ ರಾಶಿಯ ಭಾರ ನೇರವಾಗಿ ಟ್ರೆಂಚಿನ ಗೋಡೆಯ ಮೇಲೆ ಬೀಳುತ್ತದೆ. ನಿಂತ ಗಾಡಿಯ ಭಾರ, ಅದರ ಅದುರುವಿಕೆಯೂ ಅಷ್ಟೇ. ಗೋಡೆಯ ಬುಡ ಕೊರೆದು ಮೇಲಿನದ್ದನ್ನು ಬೀಳಿಸುವುದಂತೂ ಪೂರ್ತಿ ನಿಷೇಧ.

ಕೆಳಗಿಳಿಯುವವರು ಮೊದಲು ಅಂಚಿನ ಉದ್ದಕ್ಕೂ ನಡೆದು ನೋಡಿ. ಅಂಚಿಗೆ ಸಮಾನಾಂತರವಾಗಿ ನೆಲ ಬಿರಿದಿದೆಯೇ? ತಳದಲ್ಲಿ ನೀರು ಒಸರುತ್ತಿದೆಯೇ? ಪಕ್ಕದಲ್ಲಿ ಹಳೆಯ ಪೈಪಿಗೆ ಅಗೆದು ಮುಚ್ಚಿದ ಸಡಿಲ ಮಣ್ಣಿದೆಯೇ? ಒಂದಿದ್ದರೂ ಇಳಿಯಬೇಡಿ. ರಾತ್ರಿ ಮಳೆ ಬಂದಿದ್ದರೆ ನಿನ್ನೆಯ ಪರಿಶೀಲನೆಗೆ ಬೆಲೆಯಿಲ್ಲ. ಬಕೆಟ್ ಆಡುವಾಗ ಅದರ ಕೆಳಗೆ ಯಾರೂ ಇರಕೂಡದು.

ಕುಸಿದರೆ ಎಂಜಿನ್ ನಿಲ್ಲಿಸಿ, 112ಕ್ಕೆ ಕರೆ ಮಾಡಿ. ಬಕೆಟ್‌ನಿಂದ ಜನರನ್ನು ಎತ್ತಲು ಹೋಗಬೇಡಿ, ಹಲ್ಲು ತಗುಲಿ ಬದುಕಿದ್ದವರೇ ಹೋಗಿಬಿಡಬಹುದು. ಆಸರೆ ಕೊಡದೆ ಯಾರನ್ನೂ ಕೆಳಗೆ ಹಾರಲು ಬಿಡಬೇಡಿ, ಉಳಿದ ಗೋಡೆಯೂ ಬೀಳುವ ಸ್ಥಿತಿಯಲ್ಲಿರುತ್ತದೆ. ಕೆಳಗೆ ಎಷ್ಟು ಜನ ಇದ್ದರು, ಯಾರು ಎಲ್ಲಿ ನಿಂತಿದ್ದರು ಅನ್ನುವುದನ್ನು ಅಗ್ನಿಶಾಮಕದವರಿಗೆ ತೋರಿಸಲು ಒಬ್ಬರು ಅಲ್ಲೇ, ಅಂಚಿನಿಂದ ದೂರ ನಿಂತಿರಲಿ.