ಮೊನೋವಿ: ಒಬ್ಬರೇ ಇರುವ ಊರಿಗೆ ಜನಗಣತಿ ‘2’ ಎಂದು ಬರೆದದ್ದು ಯಾಕೆ?

ಜನಸಂಖ್ಯಾ ಭೂಗೋಳ ಓದುವವರಿಗೆ ಈ ಟಿಪ್ಪಣಿ. ಅಮೆರಿಕದ ಪ್ರೇರಿ ಬಯಲಿನ ಊರುಗಳು ಖಾಲಿಯಾಗುವ ಕಥೆ ಎಲ್ಲ ಪಠ್ಯಗಳಲ್ಲೂ ಇರುತ್ತೆ. ಆದರೆ ಒಂದು ಊರನ್ನು ಹಿಡಿದು ಅದರ ಅಂಕಿಗಳನ್ನು ಹತ್ತತ್ತು ವರ್ಷಕ್ಕೆ ಓದುತ್ತಾ ಹೋದರೆ ಕೊನೆಗೆ ಒಂದು ಗಂಟು ಸಿಗುತ್ತೆ. ಅದನ್ನು ಬಿಡಿಸಿಕೊಳ್ಳಲು ನನಗೆ ತುಂಬಾ ಹೊತ್ತು ಹಿಡಿಯಿತು. ಮರೆಯೋ ಮೊದಲು ಬರೆದಿಡುತ್ತಿದ್ದೇನೆ.

ಊರು: ಮೊನೋವಿ. ನೆಬ್ರಾಸ್ಕಾ ರಾಜ್ಯದ ಉತ್ತರ ಅಂಚಿನ ಬಾಯ್ಡ್ ಕೌಂಟಿಯಲ್ಲಿದೆ (ಕೌಂಟಿ ಅಂದರೆ ನಮ್ಮ ಜಿಲ್ಲೆಯ ಹಾಗೆ). ಇನ್ನೂ ಉತ್ತರಕ್ಕೆ ಹೋದರೆ ಸೌತ್ ಡಕೋಟಾ.

ಊರಿಗಿಂತ ಮೊದಲು

ಗ್ರಾಫಿನಲ್ಲಿ ಇಂಥ ಊರುಗಳ ಜನಸಂಖ್ಯೆ ಸೊನ್ನೆಯಿಂದ ಶುರುವಾಗುತ್ತೆ. ಅದನ್ನು ಹಾಗೇ ನಂಬಬೇಡಿ. ಈ ಸುತ್ತಿನ ನೆಲ ಅಮೆರಿಕದ ಮೂಲನಿವಾಸಿಗಳಾದ ಪೊಂಕಾ ಜನರದ್ದು. 1868ರ ಫೋರ್ಟ್ ಲಾರಮಿ ಒಪ್ಪಂದದಲ್ಲಿ ಸರ್ಕಾರ ಪೊಂಕಾಗಳ ಜಾಗವನ್ನೂ ಸೇರಿಸಿ ಇನ್ನೊಂದು ಮೂಲನಿವಾಸಿ ಗುಂಪಾದ ಸೂ ಜನರಿಗೆ ಬರೆದುಕೊಟ್ಟಿತು. ಆಮೇಲೆ 1877ರಲ್ಲಿ ಪೊಂಕಾಗಳನ್ನೇ ಬಲವಂತವಾಗಿ ದಕ್ಷಿಣಕ್ಕೆ, ಈಗಿನ ಒಕ್ಲಹೋಮಾ ಕಡೆಗೆ ಸಾಗಿಸಿತು. ಸತ್ತ ಮಗನನ್ನು ತಮ್ಮ ನೆಲದಲ್ಲೇ ಮಣ್ಣು ಮಾಡಬೇಕು ಅಂತ ನಾಯಕ ಸ್ಟ್ಯಾಂಡಿಂಗ್ ಬೇರ್ ವಾಪಸ್ ಹೊರಟಾಗ ಸೈನ್ಯ ಅವರನ್ನು ಹಿಡಿಯಿತು. 1879ರಲ್ಲಿ ಒಮಾಹಾದ ನ್ಯಾಯಾಲಯ, ಕಾನೂನಿನ ಕಣ್ಣಲ್ಲಿ ಇಂಡಿಯನ್ (ಅಮೆರಿಕದ ಮೂಲನಿವಾಸಿಗಳನ್ನು ಆಗ ಕರೆಯುತ್ತಿದ್ದ ಹೆಸರು) ಕೂಡ ‘ವ್ಯಕ್ತಿ’ಯೇ ಅಂತ ತೀರ್ಪು ಕೊಟ್ಟಿತು. ಒಬ್ಬ ಮನುಷ್ಯನನ್ನು ವ್ಯಕ್ತಿ ಅಂತ ಒಪ್ಪಲು ಕೋರ್ಟಿಗೆ ಹೋಗಬೇಕಾಗಿತ್ತು. ಜನಗಣತಿ ಓದುವ ನಾವು ಇದನ್ನು ನೆನಪಿಟ್ಟುಕೊಳ್ಳಲೇಬೇಕು, ಯಾಕಂದ್ರೆ ಯಾರನ್ನು ಎಣಿಸಲಿಲ್ಲ ಅನ್ನೋದೂ ಅಂಕಿಯ ಭಾಗವೇ.

1891ರಲ್ಲಿ ಬಾಯ್ಡ್ ಕೌಂಟಿ ಆಡಳಿತ ಶುರುವಾಯಿತು. 1902ರಲ್ಲಿ ರೈಲು ಬಂತು, ಅದರ ಜೊತೆಗೇ ಮೊನೋವಿ ಬಂತು. ಪ್ರೇರಿ ಊರುಗಳ ಲೆಕ್ಕವೇ ಹೀಗೆ. ರೈತ ಕುದುರೆಗಾಡಿಯಲ್ಲಿ ಧಾನ್ಯ ತಂದು ಮಾರಿ ಅದೇ ದಿನ ಮನೆ ಸೇರಬೇಕು. ಅದಕ್ಕೇ ಹಳಿಯ ಉದ್ದಕ್ಕೂ ಕೆಲವೇ ಮೈಲಿಗೊಂದು ನಿಲ್ದಾಣ, ಒಂದು ಧಾನ್ಯದ ಕಣಜ, ಸುತ್ತ ನಾಲ್ಕು ಅಂಗಡಿ. ಕಾರು, ಲಾರಿ ಬಂದಮೇಲೆ ಆ ದೂರಕ್ಕೆ ಅರ್ಥವೇ ಉಳಿಯಲಿಲ್ಲ. ಟ್ರ್ಯಾಕ್ಟರ್ ಬಂತು, ಹತ್ತು ಮನೆ ಮಾಡುತ್ತಿದ್ದ ಹೊಲವನ್ನು ಒಂದು ಮನೆ ಮಾಡತೊಡಗಿತು. ಹರೆಯದವರು ಹೋದರು. ಉಳಿದವರಿಗೆ ವಯಸ್ಸಾಯಿತು, ಹುಟ್ಟಿಗಿಂತ ಸಾವು ಜಾಸ್ತಿಯಾಯಿತು. 1974ರಲ್ಲಿ ಶಾಲೆ ಮುಚ್ಚಿತು. ಪಠ್ಯದಲ್ಲಿ ಇದೆಲ್ಲ ವಿವರವಾಗಿ ಇದೆ, ಇಲ್ಲಿ ಎಳೆಯುವುದಿಲ್ಲ.

ಅಂಕಿಗಳು

1930ರಲ್ಲಿ 123. 1980ರಲ್ಲಿ 18. 1990ರಲ್ಲಿ 6. 2000ದಲ್ಲಿ 2. 2010ರಲ್ಲಿ 1. 2020ರಲ್ಲಿ ಮತ್ತೆ 2.

2000ದ ಆ ಇಬ್ಬರು ಗಂಡ ಹೆಂಡತಿ. 2004ರಲ್ಲಿ ಗಂಡ ತೀರಿಕೊಂಡರು. ಆಮೇಲೆ ಆ ಅಮ್ಮ ಒಬ್ಬರೇ. ಮೇಯರ್, ಕ್ಲರ್ಕ್, ಖಜಾಂಚಿ ಎಲ್ಲ ಅವರೇ, ಊರಿನ ಹೋಟೆಲು ಮತ್ತು ಬಾರ್ ನಡೆಸುವವರೂ ಅವರೇ. ಗಂಡನ ಸುಮಾರು 5,000 ಪುಸ್ತಕಗಳನ್ನು ಅವರ ಹೆಸರಿನಲ್ಲೇ ಲೈಬ್ರರಿ ಮಾಡಿ ಇಟ್ಟರು. ಊರಿನ ನಾಲ್ಕು ಬೀದಿದೀಪಗಳಿಗೆ ರಾಜ್ಯದ ಹಣ ಬರಬೇಕಾದರೆ ಪ್ರತಿ ವರ್ಷ ರಸ್ತೆ ಯೋಜನೆ ಬರೆದು ಕಳಿಸಬೇಕಿತ್ತು. ಅದನ್ನೂ ಅವರೇ ಮಾಡುತ್ತಿದ್ದರು. ಜಾಗ ಖಾಲಿಯಾದರೂ ಊರಿನ ಕೆಲಸ ಒಂದೂ ನಿಲ್ಲಲಿಲ್ಲ ಅನ್ನೋದು ನನಗೆ ದೊಡ್ಡ ವಿಷಯವಾಗಿ ಕಾಣುತ್ತೆ.

ಸರಿ, 2020ರಲ್ಲೂ ಅಲ್ಲಿ ಇದ್ದದ್ದು ಅವರೊಬ್ಬರೇ. ಹಾಗಾದರೆ ಎರಡನೆಯವರು ಯಾರು?

1 ಹೇಗೆ 2 ಆಯಿತು: ಇಲ್ಲಿ ನಿಧಾನಕ್ಕೆ ಓದಿ

ಯಾರೂ ಬಂದಿರಲಿಲ್ಲ. ಎಣಿಸಿದವರು ತಪ್ಪು ಮಾಡಿದ್ದೂ ಅಲ್ಲ. ಜನಗಣತಿ ಇಲಾಖೆ ಬೇಕಂತಲೇ ಅಂಕಿಯನ್ನು ಅಲುಗಾಡಿಸಿತ್ತು. ಪತ್ರಕರ್ತರು ಕೇಳಿದಾಗ ಇಲಾಖೆಯೇ ಇದನ್ನು ಹೇಳಿತು. ಈ ವಿಧಾನದ ಹೆಸರು ಡಿಫರೆನ್ಷಿಯಲ್ ಪ್ರೈವಸಿ. ಸೇರಿಸುವ ಆ ಹೆಚ್ಚು ಕಡಿಮೆಗೆ ‘ನಾಯ್ಸ್’ ಅನ್ನುತ್ತಾರೆ.

ಯಾಕೆ ಬೇಕು ಇದು? ಅಮೆರಿಕದ ಕಾನೂನಿನ ಪ್ರಕಾರ ಜನಗಣತಿಯಲ್ಲಿ ಒಬ್ಬರು ಕೊಟ್ಟ ಉತ್ತರ ಅವರದ್ದೇ ಅಂತ ಗೊತ್ತಾಗುವಂತೆ ಪ್ರಕಟಿಸಬಾರದು. ‘ಹೆಸರು ತೆಗೆದರೆ ಆಯ್ತಲ್ವಾ’ ಅಂತ ಮೊದಲು ಅನ್ನಿಸುತ್ತೆ. ಆಗೋದಿಲ್ಲ. ಒಂದು ಊರಿನ ಒಟ್ಟು ಸಂಖ್ಯೆ 1 ಅಂತಿದ್ದರೆ ವಯಸ್ಸಿನ ಕೋಷ್ಟಕ, ಜನಾಂಗದ ಕೋಷ್ಟಕ, ಮನೆ ಸ್ವಂತದ್ದೋ ಬಾಡಿಗೆಯೋ ಅನ್ನೋ ಕೋಷ್ಟಕ, ಎಲ್ಲವೂ ಆ ಒಬ್ಬರ ಬಗ್ಗೆಯೇ ಹೇಳುತ್ತವೆ. ದೊಡ್ಡ ಊರುಗಳಿಗೂ ಈ ಅಪಾಯ ಇದೆ. ಬೇರೆ ಬೇರೆ ಕೋಷ್ಟಕಗಳನ್ನು ಒಟ್ಟಿಗಿಟ್ಟು ಸುಡೊಕು ಬಿಡಿಸಿದ ಹಾಗೆ ಬಿಡಿಸುತ್ತಾ ಹೋದರೆ ಒಬ್ಬೊಬ್ಬರ ವಿವರ ಹೊರಗೆ ಬರುತ್ತೆ. ಇಲಾಖೆ ತನ್ನದೇ 2010ರ ಅಂಕಿಗಳ ಮೇಲೆ ಇದನ್ನು ಪ್ರಯೋಗ ಮಾಡಿ ನೋಡಿತು. ಅಪಾಯ ನಿಜ ಅಂತ ಅದಕ್ಕೆ ಮನವರಿಕೆಯಾಯಿತು.

2010ರಲ್ಲಿ ಬೇರೆ ವಿಧಾನ ಇತ್ತು, ಅದಲುಬದಲು. ಒಂದು ಕಡೆಯ ಕೆಲವು ಮನೆಗಳ ವಿವರವನ್ನು ಇನ್ನೊಂದು ಕಡೆಯ ಅಂಥದ್ದೇ ಮನೆಗಳ ವಿವರದ ಜೊತೆ ಬದಲಿಸುತ್ತಿದ್ದರು, ಆದರೆ ಪ್ರತಿ ಬ್ಲಾಕಿನ (ಜನಗಣತಿಯ ಲೆಕ್ಕದಲ್ಲಿ ಅತಿ ಸಣ್ಣ ತುಂಡು) ಒಟ್ಟು ಜನಸಂಖ್ಯೆಯನ್ನು ಮುಟ್ಟುತ್ತಿರಲಿಲ್ಲ. ಹಾಗಾಗಿ 2010ರ ‘1’ ಎಣಿಸಿದ ಅಂಕಿಯೇ. 2020ರ ‘2’ ಹಾಗಲ್ಲ. ಅಕ್ಕಪಕ್ಕದ ಎರಡು ಅಂಕಿಗಳು, ಆದರೆ ಎರಡರ ಹುಟ್ಟು ಬೇರೆ ಬೇರೆ.

ಈಗ ಲೆಕ್ಕ. ನಿಜವಾದ ಸಂಖ್ಯೆ 1. ಇದಕ್ಕೆ −2, −1, 0, +1, +2 ಇವುಗಳಲ್ಲಿ ಒಂದನ್ನು ಚೀಟಿ ಎತ್ತಿ ಸೇರಿಸುತ್ತೇವೆ ಅಂದುಕೊಳ್ಳಿ. (ನಿಜದಲ್ಲಿ ಸೊನ್ನೆಯ ಹತ್ತಿರದ ಸಂಖ್ಯೆಗಳಿಗೆ ಅವಕಾಶ ಜಾಸ್ತಿ. ಇಲ್ಲಿ ಸುಲಭಕ್ಕೆ ಎಲ್ಲವೂ ಸಮ ಅಂತ ಇಟ್ಟುಕೊಳ್ಳೋಣ.) ಬರಬಹುದಾದ ಉತ್ತರಗಳು −1, 0, 1, 2, 3. ಸರಾಸರಿ 1. ಇಲ್ಲಿಯವರೆಗೆ ಯಾರಿಗೂ ಅನ್ಯಾಯ ಇಲ್ಲ.

ಆದರೆ ಒಂದು ಊರಿನಲ್ಲಿ −1 ಜನ ಇದ್ದಾರೆ ಅಂತ ಪ್ರಕಟಿಸೋಕೆ ಆಗೋದಿಲ್ಲ. ಅದನ್ನು 0 ಮಾಡಬೇಕು. ಆಗ ಉತ್ತರಗಳು 0, 0, 1, 2, 3. ಸರಾಸರಿ 1.2 ಆಯಿತು. ಒಬ್ಬೊಬ್ಬರೇ ಇರುವ 10 ಊರುಗಳು ಇದ್ದರೆ ಒಟ್ಟು 10 ಬರಬೇಕಿದ್ದ ಕಡೆ ಸರಾಸರಿ 12 ಬರುತ್ತೆ. ಕೆಳಗೆ ಇಳಿಯೋಕೆ ಜಾಗ ಇಲ್ಲ, ಮೇಲೆ ಹೋಗೋಕೆ ಇದೆ. ಅದಕ್ಕೇ ತೀರಾ ಸಣ್ಣ ಊರುಗಳ ಅಂಕಿ ಸ್ವಲ್ಪ ಮೇಲಕ್ಕೇ ವಾಲುತ್ತೆ. ನನಗೆ ಇಡೀ ವಿಷಯ ಅರ್ಥವಾದದ್ದು ಈ ಒಂದು ಸಾಲಿನಿಂದ. ಕಾಗದದ ಮೇಲೆ ನೀವೂ ಒಮ್ಮೆ 3 ಜನರ ಊರಿಗೆ ಮಾಡಿ ನೋಡಿ. ಅಲ್ಲಿ 1, 2, 3, 4, 5 ಬರುತ್ತೆ, ಕತ್ತರಿಸುವಂಥದ್ದೇ ಇಲ್ಲ, ವಾಲುವಿಕೆ ಮಾಯ.

ಹೆಚ್ಚಾದ ಆ ಇಬ್ಬರು ಎಲ್ಲಿಂದ ಬಂದರು? ರಾಜ್ಯದ ಒಟ್ಟು ಸಂಖ್ಯೆಗೆ ನಾಯ್ಸ್ ಸೇರಿಸುವುದೇ ಇಲ್ಲ. 2020ರಲ್ಲಿ ನೆಬ್ರಾಸ್ಕಾ 19,61,504, ಇದು ಅಲುಗಾಡಿಸದ ಅಂಕಿ. ಅಂದರೆ ಸಣ್ಣ ಊರುಗಳಲ್ಲಿ ಕೂಡಿದ್ದು ಎಲ್ಲೋ ಒಂದು ದೊಡ್ಡ ಊರಿನಲ್ಲಿ ಕಳೆದಿರಬೇಕು. ಲೆಕ್ಕ ಮೇಲಿನಿಂದ ಕೆಳಗೆ ಇಳಿಯುತ್ತೆ: ದೇಶ, ರಾಜ್ಯ, ಕೌಂಟಿ, ಆಮೇಲೆ ಇನ್ನೂ ಸಣ್ಣ ತುಂಡುಗಳು, ಕೊನೆಗೆ ಬ್ಲಾಕ್. ಪ್ರತಿ ಹಂತದಲ್ಲೂ ಸಣ್ಣ ತುಂಡುಗಳ ಮೊತ್ತ ಅವು ಸೇರಿರುವ ದೊಡ್ಡ ತುಂಡಿನ ಅಂಕಿಗೆ ಸರಿಹೊಂದಬೇಕು. ಒಮಾಹಾದಂಥ ನಗರದಲ್ಲಿ ಇಬ್ಬರು ಆಚೀಚೆ ಆದರೆ ಯಾರ ಗಮನಕ್ಕೂ ಬರೋದಿಲ್ಲ. ಮೊನೋವಿಯಲ್ಲಿ ಒಬ್ಬರು ಆಚೀಚೆ ಆದರೆ ಊರೇ ಎರಡು ಪಟ್ಟು.

ಇನ್ನೊಂದು ಸಂಗತಿ ಇದೆ, ಇದನ್ನು ತುಂಬಾ ಜನ ಬಿಟ್ಟುಬಿಡುತ್ತಾರೆ. ಒಂದು ಬ್ಲಾಕಿನಲ್ಲಿ ಎಷ್ಟು ಮನೆಗಳಿವೆ ಅನ್ನೋದಕ್ಕೆ ನಾಯ್ಸ್ ಇಲ್ಲ. ಅದರಲ್ಲಿ ಎಷ್ಟು ಜನ ಅನ್ನೋದಕ್ಕೆ ಇದೆ. ಅದಕ್ಕೇ ಸಣ್ಣ ಜಾಗಗಳಲ್ಲಿ ಮನೆಗಳ ಸಂಖ್ಯೆಗೂ ಜನರ ಸಂಖ್ಯೆಗೂ ತಾಳೆಯಾಗದೆ ಇರಬಹುದು. ಗಾಬರಿಯಾಗಬೇಡಿ.

ನನ್ನ ಅಭಿಪ್ರಾಯ ಹೇಳಬೇಕು ಅಂದ್ರೆ, ಖಾಸಗಿತನ ಕಾಪಾಡಬೇಕು ಅನ್ನೋದನ್ನು ಪೂರ್ತಿ ಒಪ್ಪುತ್ತೇನೆ. ಪತ್ರಿಕೆಯವರ ಜೊತೆ ಮಾತಾಡೋಕೆ ಆ ಅಮ್ಮನಿಗೆ ಅಡ್ಡಿ ಇರಲಿಲ್ಲ ಅಂತ ಎಲ್ಲ ಒಂಟಿ ಮನೆಗಳಿಗೂ ಅದೇ ಇಷ್ಟ ಅಂತ ತಿಳಿಯಬಾರದು. ಆದರೂ ಊರಿನ ಒಟ್ಟು ಜನಸಂಖ್ಯೆ ಒಂದನ್ನಾದರೂ ಹಾಗೇ ಬಿಟ್ಟು, ವಯಸ್ಸು ಜನಾಂಗದ ಕೋಷ್ಟಕಗಳಿಗೆ ಮಾತ್ರ ನಾಯ್ಸ್ ಸೇರಿಸಬಹುದಿತ್ತು. ಎಷ್ಟು ಜನ ಇದ್ದಾರೆ ಅನ್ನೋದು ಒಂದು ಊರು ತನ್ನ ಬಗ್ಗೆ ಹೇಳಿಕೊಳ್ಳುವ ಮೊದಲ ಮಾತು. ಅದು ಸರಿಯಾಗಿರಬೇಕು.

ಶೇಕಡಾ ಬೇಡ

2010ರಿಂದ 2020ಕ್ಕೆ ಮೊನೋವಿಯ ಬೆಳವಣಿಗೆ ಶೇಕಡಾ 100. ಲೆಕ್ಕ ಸರಿ, ಅರ್ಥ ಸೊನ್ನೆ. ಜಾಗ ಇಷ್ಟು ಸಣ್ಣದಿದ್ದಾಗ ಸುಮ್ನೆ ಕೌಂಟಿಯ ಅಂಕಿಗೆ ಹೋಗಿ. ಬಾಯ್ಡ್ ಕೌಂಟಿಯಲ್ಲಿ 1910ರಲ್ಲಿ 8,826 ಜನ ಇದ್ದರು. 2010ರಲ್ಲಿ 2,099, 2020ರಲ್ಲಿ 1,810. ನೂರಾ ಹತ್ತು ವರ್ಷದಲ್ಲಿ ಐದರಲ್ಲಿ ನಾಲ್ಕು ಪಾಲು ಜನ ಇಲ್ಲ. ಕೊನೆಯ ಹತ್ತು ವರ್ಷದಲ್ಲೇ 289 ಜನ ಕಡಿಮೆ. ಈ ಮಟ್ಟದಲ್ಲಿ ನಾಯ್ಸ್ ಲೆಕ್ಕಕ್ಕೆ ಬರೋದಿಲ್ಲ, ಮೊನೋವಿಯ ನಿಜವಾದ ಕಥೆ ಇಲ್ಲಿ ಕಾಣುತ್ತೆ.

ಒಬ್ಬರಿದ್ದರೂ ಊರಾ?

ನಾವು ಭಾರತದ ಜನಗಣತಿ ಓದಿ ಬಂದವರು. ಜನಗಣತಿ ಪಟ್ಟಣ ಅನ್ನಿಸಿಕೊಳ್ಳಲು 5,000 ಜನ, ಚದರ ಕಿಲೋಮೀಟರಿಗೆ 400 ಸಾಂದ್ರತೆ, ಗಂಡಸು ದುಡಿಮೆಗಾರರಲ್ಲಿ ಶೇಕಡಾ 75 ಕೃಷಿಯೇತರ ಕೆಲಸ ಅಂತ ಬಾಯಿಪಾಠ. ಅಮೆರಿಕದಲ್ಲಿ ಪ್ರಶ್ನೆ ಬೇರೆ. ಊರು ಕಾನೂನಿನ ಪ್ರಕಾರ ಸ್ಥಳೀಯ ಆಡಳಿತವಾಗಿ ನೋಂದಣಿಯಾಗಿದೆಯಾ ಅಷ್ಟೇ. ಮೊನೋವಿ ನೋಂದಾಯಿತ ಗ್ರಾಮ, ಅದಕ್ಕೇ ಪಟ್ಟಿಯಲ್ಲಿದೆ. ಆ ಒಬ್ಬರೂ ಇಲ್ಲದಿದ್ದರೆ ನಮ್ಮ ಕಂದಾಯ ಇಲಾಖೆಯವರು ‘ಬೇಚರಾಕ್ ಗ್ರಾಮ’ ಅನ್ನುವಂಥ ಸ್ಥಿತಿ. ಹೆಸರು, ಗಡಿ ಇರುತ್ತೆ, ಜನ ಇರಲ್ಲ.

ಇದನ್ನು ಅಭ್ಯಾಸ ಮಾಡಬೇಕು ಅನ್ನುವವರಿಗೆ ಒಂದು ದಾರಿ ಇದೆ. ಅಮೆರಿಕದಲ್ಲಿ ಜನಗಣತಿಯ ಮೂಲ ಹಾಳೆಗಳನ್ನು 72 ವರ್ಷ ಮುಚ್ಚಿಟ್ಟು ಆಮೇಲೆ ತೆರೆಯುತ್ತಾರೆ. 1930ರದ್ದು 2002ರಲ್ಲಿ ತೆರೆಯಿತು, 1950ರದ್ದು 2022ರಲ್ಲಿ. ಅವುಗಳಲ್ಲಿ ನಾಯ್ಸ್ ಇಲ್ಲ. ಮನೆ ಮನೆಯ ಹೆಸರು, ವಯಸ್ಸು, ಕಸುಬು, ಹುಟ್ಟಿದ ಜಾಗ ಎಲ್ಲ ಎಣಿಕೆದಾರರ ಕೈಬರಹದಲ್ಲೇ ಇದೆ. 1930ರ ಮೊನೋವಿಯ 123 ಜನರ ಹಾಳೆ ತೆಗೆದು ಮೊದಲು ಕಸುಬಿನ ಕಾಲಂ ಓದಿ. ಆಮೇಲೆ 1950ರ ಹಾಳೆ ಇಟ್ಟುಕೊಂಡು ಯಾವ ಕಸುಬುಗಳು ಕಾಣಿಸುತ್ತಿಲ್ಲ ಅಂತ ಗುರುತು ಹಾಕುತ್ತಾ ಹೋಗಿ.