ಕೇಸ್ ಹೋಯಿತು, ಭಯ ಹೋಗಿಲ್ಲ

ದಾವಣಗೆರೆಯ ಆಸ್ಪತ್ರೆಯೊಂದರಲ್ಲಿ ಒಂದು ರಾತ್ರಿ ತುರ್ತು ವಿಭಾಗದ ಹೊರಗೆ ಕೂತಿದ್ದೆ. ಪಕ್ಕದ ಬೆಂಚಿನಲ್ಲಿ ಹಳ್ಳಿಯ ತಾಯಿಯೊಬ್ಬರು. ಒಳಗೆ ಅವರ ಮಗ. ಯಾರು ಏನು ಕೇಳಿದರೂ ಒಂದೇ ಮಾತು: 'ಗೊತ್ತಾಗ್ದಂಗೆ ಆಗೈತ್ರಿ.' ಆಮೇಲೆ ನನ್ನ ಕಡೆ ತಿರುಗಿ ಮೆಲ್ಲಗೆ ಕೇಳಿದರು, 'ಕೇಸ್ ಮಾಡ್ತಾರೇನ್ರಿ?'

ಆ ಭಯ ಸುಮ್ನೆ ಹುಟ್ಟಿದ್ದಲ್ಲ. 1860ರ ದಂಡ ಸಂಹಿತೆಯ 309ನೇ ಕಲಂ ಪ್ರಕಾರ ಆತ್ಮಹತ್ಯೆಗೆ ಯತ್ನಿಸಿ ಬದುಕುಳಿದವರಿಗೆ ಒಂದು ವರ್ಷದವರೆಗೆ ಜೈಲು ಆಗಬಹುದಿತ್ತು. ಬದುಕು ಸಾಕಾಗಿದೆ ಎಂದವರನ್ನೇ ಕೋರ್ಟಿಗೆ ಅಲೆಸುವ ಕಾನೂನು! 1994ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಹೊಡೆದುಹಾಕಿತು. ಎರಡೇ ವರ್ಷಕ್ಕೆ ಅದೇ ಕೋರ್ಟಿನ ದೊಡ್ಡ ಪೀಠ ಮತ್ತೆ ಎತ್ತಿಹಿಡಿಯಿತು. 2008ರಲ್ಲಿ ಕಾನೂನು ಆಯೋಗ ಇದನ್ನು ತೆಗೆದುಹಾಕಿ ಎಂದಿತು. ಆಮೇಲೆ ಬಂದದ್ದು 2017ರ ಮಾನಸಿಕ ಆರೋಗ್ಯ ಕಾಯ್ದೆ. ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರು ಎಂದೇ ತಿಳಿಯಬೇಕು, ಶಿಕ್ಷೆ ಕೊಡಬಾರದು, ಆರೈಕೆ ಸರ್ಕಾರದ ಹೊಣೆ ಅಂತ ಅದರ 115ನೇ ಕಲಂ ಹೇಳುತ್ತದೆ. ಹಳೆಯ ದಂಡ ಸಂಹಿತೆಯ ಬದಲಿಗೆ 2024ರ ಜುಲೈನಲ್ಲಿ ಜಾರಿಯಾದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಆ ಕಲಂ ಇಲ್ಲವೇ ಇಲ್ಲ. ಸರ್ಕಾರಿ ನೌಕರರನ್ನು ಒತ್ತಾಯಿಸಲು ಅಥವಾ ಅವರ ಕೆಲಸ ತಡೆಯಲು ಆತ್ಮಹತ್ಯೆಗೆ ಯತ್ನಿಸಿದರೆ ಮಾತ್ರ ಅಪರಾಧ.

ಆರೈಕೆಯ ಕಥೆಯೂ ನಮ್ಮ ಪಕ್ಕದಲ್ಲೇ ಶುರುವಾಗಿತ್ತು. ದಾವಣಗೆರೆ ಇನ್ನೂ ಚಿತ್ರದುರ್ಗ ಜಿಲ್ಲೆಯಲ್ಲೇ ಇದ್ದ 1980ರ ದಶಕದಲ್ಲಿ, ನೆರೆಯ ಬಳ್ಳಾರಿಯಲ್ಲಿ ನಿಮ್ಹಾನ್ಸ್‌ನವರು ಪ್ರಾಥಮಿಕ ಆರೋಗ್ಯ ಕೇಂದ್ರಗಳ ಡಾಕ್ಟರರಿಗೆ, ಆರೋಗ್ಯ ಕಾರ್ಯಕರ್ತರಿಗೆ ತರಬೇತಿ ಕೊಟ್ಟರು. ಮನಸ್ಸಿನ ಕಾಯಿಲೆಯ ಮಾತ್ರೆ ಹಳ್ಳಿಯ ಹತ್ತಿರವೇ ಸಿಕ್ಕಿತು. ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಇದೇ ಮಾದರಿಯಾಯಿತು.

ಆದರೆ ಮಾತು ಬದಲಾಗಲಿಲ್ಲ. ಪತ್ರಿಕೆಯಲ್ಲಿ ಇವತ್ತಿಗೂ 'ಹೊಟ್ಟೆನೋವು ತಾಳಲಾರದೆ', 'ಜಿಗುಪ್ಸೆಗೊಂಡು', 'ಆತ್ಮಹತ್ಯೆಗೆ ಶರಣು'. ಶರಣು ಅಂದರೆ ನಮ್ಮ ಕಡೆ ಎದುರು ಸಿಕ್ಕವರಿಗೆ ಕೈಮುಗಿದು ಹೇಳುವ ಮಾತು. ಅದನ್ನು ಸಾವಿಗೆ ಜೋಡಿಸಿದ್ದು ನನಗೆ ಪ್ರತಿ ಸಲವೂ ಚುಚ್ಚುತ್ತದೆ.

ಮನೆಯಲ್ಲಿ ಹೇಳಲಾಗದ್ದನ್ನು ಹುಡುಗರು ಈಗ ರಾತ್ರಿ ಫೋನಿನಲ್ಲಿ, ಹೆಸರು ಮರೆಸಿಕೊಂಡು, ಗುರುತಿಲ್ಲದವರ ಹತ್ತಿರ ತೋಡಿಕೊಳ್ಳುತ್ತಾರೆ. 'ನನಗೂ ಹಂಗೇ ಆಗಿತ್ತು' ಅಂತ ಯಾರೋ ಬರೆದರೆ ಎಷ್ಟೋ ಹಗುರ. ಬೈಯುವವರಿಲ್ಲ, ಬುದ್ಧಿ ಹೇಳುವವರಿಲ್ಲ. ಅವರನ್ನು ದೂರಿ ಏನು ಬಂತು? ಆದರೆ ಕೆಲವು ಗುಂಪುಗಳಲ್ಲಿ ನೋವಿಗೆ ನೋವೇ ಸೇರಿ, ಸಾಯುವುದೇ ಸರಿ ಅನ್ನುವ ಮಾತು ಬಲವಾಗುತ್ತದೆ. ತಡೆದು ನಿಲ್ಲಿಸುವವರು ಅಲ್ಲಿ ಇರುವುದಿಲ್ಲ. ಅದೇ ಫೋನಿನಿಂದ 14416ಕ್ಕೆ ಕರೆ ಮಾಡಬಹುದು. 2022ರ ಅಕ್ಟೋಬರಿನಲ್ಲಿ ಶುರುವಾದ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ಟೆಲಿ ಮಾನಸ್ ಅದು. ದುಡ್ಡು ಕೊಡಬೇಕಿಲ್ಲ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. 'ಸಾಯೋ ಯೋಚನೆ ಬರ್ತಿದ್ಯಾ?' ಅಂತ ನೇರವಾಗಿ ಕೇಳಿದರೆ ಇಲ್ಲದ ಯೋಚನೆ ಹುಟ್ಟುವುದಿಲ್ಲ. ಮನೆಯವರೂ ಕೇಳಬಹುದು.

ಆ ರಾತ್ರಿ ನರ್ಸ್ ಒಬ್ಬರು ಹೊರಗೆ ಬಂದು ಆ ತಾಯಿಯ ಪಕ್ಕ ಕೂತರು. 'ನಿಮ್ಮ ಹುಡುಗನಿಗೆ ಶಿಕ್ಷೆ ಆಗಲ್ಲಮ್ಮ. ಏನಾಗಿತ್ತು ಹೇಳಿ.' ತಾಯಿ ಸೆರಗಿನಿಂದ ಮುಖ ಒರೆಸಿಕೊಂಡರು. 'ಎಂಟು ದಿನದಿಂದ ಸರಿಯಾಗಿ ಉಂಡಿರ್ಲಿಲ್ಲವ್ವ,' ಅಂತ ಶುರು ಮಾಡಿದರು.